ವಿದ್ಯುತ್ ಮಹಾಮಾರ್ಗಗಳೂ ಗ್ರಾಮ ಪಂಚಾಯಿತಿಗಳ ಅಧಿಕಾರವೂ

ಕ್ರಿ. ಶ. 1902ನೆಯ ಇಸವಿಯಲ್ಲಿ ಕಾವೇರೀ ನದಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 92 ಮೈಲಿಗಳ ದೂರದಲ್ಲಿದ್ದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಆ ಕಾಲದಲ್ಲಿ ಅಷ್ಟು ದೀರ್ಘವಾದ ವಿದ್ಯುತ್ ಮಾರ್ಗಗಳು ಪ್ರಪಂಚದಲ್ಲಿಯೇ ಅಪೂರ್ವವಾಗಿದ್ದುವು. ಅಂದಿನಿಂದ ಇಂದಿನವರೆಗೆ ವಿದ್ಯುತ್ತಿನಿಂದ ರೈತನಿಗೆ ಆಗಿರುವ ಉಪಕಾರವು ಸಾಮಾನ್ಯವಾದುದಲ್ಲ. ಏತ ಕಪಿಲೆಗಳಿದ್ದ ಬಾವಿಗಳ ಮೇಲೆ ಪಂಪುಗಳು ಬಂದುವು; ಒಣ ಹೊಲಗಳು ಬಾಗಾಯ್ತಾದುವು. ಆದರೆ ಶಕ್ತಿಯನ್ನು ದೂರಕ್ಕೆ ಒಯ್ಯುವ ಮಾರ್ಗಕ್ಕೆ ನೆಲ ಬೇಕು. ಆ ನೆಲವು ಬಹುಮಟ್ಟಿಗೆ ರೈತನ ಸಾಗುವಳಿಯ ನೆಲವೇ ಆಗಿರುವುದು. ಒಂದು ದಿನ ಹೊಲದ ಬದುವಿನಲ್ಲಿ ಅಳತೆಯ ಗೂಟಗಳು ಕಾಣಿಸಿಕೊಂಡಾಗ, ಇದನ್ನು ತಡೆಯುವ ಅಧಿಕಾರವು ತನ್ನ ಪಂಚಾಯಿತಿಗೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಯು ರೈತನ ಮನಸ್ಸಿನಲ್ಲಿ ಹುಟ್ಟುವುದು ಸಹಜವು. ಈ ವಿಷಯದಲ್ಲಿ ಶಾಸನವು ಏನು ಹೇಳುತ್ತದೆಂಬುದನ್ನು ತಿಳಿಯದೆ ಕಷ್ಟನಷ್ಟಗಳಿಗೆ ಗುರಿಯಾಗುವವರು ಅನೇಕರಿರುವುದರಿಂದ, ಅದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಮಾರ್ಗಕ್ಕೆ ಬೇಕಾಗುವ ನೆಲ

ಗೋಪುರದ ನಾಲ್ಕು ಕಾಲುಗಳು ಊರಿದ ಸ್ಥಳವಷ್ಟೇ ನಷ್ಟವೆಂದು ತಿಳಿಯುವುದು ತಪ್ಪು. ತಂತಿಗಳ ಕೆಳಗೂ ಅವುಗಳ ಎರಡು ಪಕ್ಕಗಳಲ್ಲಿಯೂ ಒಂದು ಅಗಲವಾದ ಪಟ್ಟಿಯನ್ನು ತೆರವಾಗಿ ಇಡಬೇಕಾಗುವುದು. ಇದನ್ನು ಕಾರಿಡಾರ್ ಎಂದು ಕರೆಯುವರು. ಇದರ ಅಗಲವು ಸಾಮಾನ್ಯವಾಗಿ 66 ಕಿಲೋವೋಲ್ಟಿನ ಮಾರ್ಗಕ್ಕೆ 18 ಮೀಟರುಗಳು. 220 ಕಿಲೋವೋಲ್ಟಿನದಕ್ಕೆ 35 ಮೀಟರುಗಳು. 400 ಕಿಲೋವೋಲ್ಟಿನದಕ್ಕೆ 46 ಮೀಟರುಗಳು. ಈ ಪಟ್ಟಿಯಲ್ಲಿ ರಾಗಿ, ಹುರುಳಿ, ಅವರೆ ಮೊದಲಾದ ಗಿಡ್ಡ ಪೈರುಗಳನ್ನು ಬೆಳೆಯಬಹುದು. ಆದರೆ ತೆಂಗು, ಅಡಿಕೆ, ಮಾವು ಮೊದಲಾದ ಎತ್ತರದ ಮರಗಳನ್ನು ಉಳಿಸಿಕೊಳ್ಳಲಾಗದು. ಮನೆಯನ್ನಾಗಲಿ ಕೊಟ್ಟಿಗೆಯನ್ನಾಗಲಿ ಕಟ್ಟಲಾಗದು. 220 ಕಿಲೋವೋಲ್ಟಿನ ಮಾರ್ಗವೊಂದು ಒಂದು ತೋಟವನ್ನು 100 ಮೀಟರುಗಳ ಉದ್ದಕ್ಕೆ ದಾಟಿದರೆ 3,500 ಚದರ ಮೀಟರುಗಳು, ಎಂದರೆ ಸುಮಾರು 34½ ಗುಂಟೆಗಳು, ಈ ನಿರ್ಬಂಧಕ್ಕೆ ಒಳಪಡುವುವು. ಎರಡೆಕರೆ ತೋಟದಿಂದ ಜೀವಿಸುವ ಕುಟುಂಬಕ್ಕೆ ಇದು ಹುಡುಗಾಟದ ಮಾತಲ್ಲ.

ಅನುಮತಿ ಕೊಡುವವರು ಯಾರು

2003ರ ವಿದ್ಯುಚ್ಛಕ್ತಿ ಅಧಿನಿಯಮದ 68ನೆಯ ಪ್ರಕರಣದಂತೆ, ಮೇಲುಗಡೆಯ ತಂತಿಮಾರ್ಗವನ್ನು ಹಾಕಲು ಸಂಬಂಧಪಟ್ಟ ಸರ್ಕಾರದ ಪೂರ್ವಾನುಮೋದನೆಯು ಬೇಕು. ಅದೇ ಅಧಿನಿಯಮದ 164ನೆಯ ಪ್ರಕರಣದಂತೆ ಸರ್ಕಾರವು ಮಾರ್ಗವನ್ನು ಹಾಕುವ ಸಂಸ್ಥೆಗೆ 1885ರ ಭಾರತೀಯ ತಂತಿ ಅಧಿನಿಯಮದ ಅಧಿಕಾರಗಳನ್ನು ಕೊಡಬಹುದು. ತಂತೀ ಟಪ್ಪಾಲಿನ ಕಂಬಗಳಿಗಾಗಿ ಮಾಡಿದ ಆ ಹಳೆಯ ಶಾಸನವೇ ಇಂದಿನ ಬೃಹದ್ಗೋಪುರಗಳಿಗೂ ಆಧಾರವಾಗಿದೆ. 2023ರ ದೂರಸಂಪರ್ಕ ಅಧಿನಿಯಮವು ತಂತಿ ಅಧಿನಿಯಮದ ಸ್ಥಾನದಲ್ಲಿ ಬಂದಿದ್ದರೂ, ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಶಾಸನದ ಮೂರನೆಯ ಭಾಗವು ಮುಂದುವರಿಯಬಹುದೆಂದು ಅದರಲ್ಲಿಯೇ ಹೇಳಲಾಗಿದೆ.

ಈ ಅಧಿಕಾರವನ್ನು ಪಡೆದ ಸಂಸ್ಥೆಯು ಖಾಸಗೀ ಜಮೀನಿನ ಮಾಲೀಕನ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಬೇಕಾದುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ತೀರ್ಪಿತ್ತಿದೆ. ಮಾಲೀಕನು ತಡೆದರೆ 16ನೆಯ ಪ್ರಕರಣದಂತೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸಂಸ್ಥೆಗೆ ಕೆಲಸವನ್ನು ನಡೆಸಲು ಅಪ್ಪಣೆ ಕೊಡಬಹುದು. ಆ ಅಪ್ಪಣೆಯಾದ ಮೇಲೆ ಅಡ್ಡಿಮಾಡುವುದು ಅಪರಾಧವಾಗುವುದು. 164ನೆಯ ಪ್ರಕರಣದ ಅಧಿಕಾರವಿಲ್ಲದ ಸಂಸ್ಥೆಯ ವಿಷಯವು ಬೇರೆ. 2006ರ ನಿಯಮಗಳಂತೆ, ಮಾಲೀಕನು ಆಕ್ಷೇಪಿಸಿದರೆ ಅಂತಹ ಸಂಸ್ಥೆಯು ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಅಧಿಕಾರ ಪಡೆದ ಇತರ ಅಧಿಕಾರಿಯ ಲಿಖಿತ ಅನುಮತಿಯನ್ನು ಪಡೆದೇ ಮುಂದುವರಿಯತಕ್ಕದ್ದು. ಆದುದರಿಂದ ಕೆಲಸಕ್ಕೆ ಬಂದವರನ್ನು ರೈತನು ಮೊದಲು ಕೇಳಬೇಕಾದುದು ಒಂದೇ ಪ್ರಶ್ನೆ: ತಮಗೆ ಯಾವ ಪ್ರಕರಣದ ಮೇರೆಗೆ ಅಧಿಕಾರವಿದೆ? ಆ ಆಜ್ಞೆಯ ನಕಲು ಎಲ್ಲಿ?

ಪಂಚಾಯಿತಿಯ ಹಕ್ಕು

ಹಾಗಾದರೆ ಪಂಚಾಯಿತಿಗೆ ಏನೂ ಅಧಿಕಾರವಿಲ್ಲವೇ? ಉಂಟು, ಆದರೆ ಅದಕ್ಕೆ ಮೇರೆಯುಂಟು. ಪಂಚಾಯಿತಿಯು ನಿರ್ಣಯವೊಂದನ್ನು ಮಾಡಿದ ಮಾತ್ರಕ್ಕೆ ಖಾಸಗೀ ಜಮೀನುಗಳ ಮೇಲೆ ಹಾಯುವ ಮಾರ್ಗವು ನಿಲ್ಲುವುದಿಲ್ಲ. ಅಂತಹ ನಿರ್ಣಯವನ್ನು ನಂಬಿ ಕೆಲಸಕ್ಕೆ ಅಡ್ಡ ಬಂದು ಮೊಕದ್ದಮೆಗೆ ಸಿಕ್ಕುವುದು ಜಾಣತನವಲ್ಲ. ಆದರೆ ಸ್ಥಳೀಯ ಸಂಸ್ಥೆಯ ಸ್ವಾಮ್ಯಕ್ಕೆ, ವಶಕ್ಕೆ ಅಥವಾ ಆಡಳಿತಕ್ಕೆ ಸೇರಿದ ಸ್ವತ್ತಿನ ಮೇಲೆ ಆ ಸಂಸ್ಥೆಯ ಅನುಮತಿಯಿಲ್ಲದೆ ಕಂಬವನ್ನಾಗಲಿ ತಂತಿಯನ್ನಾಗಲಿ ಹಾಕಕೂಡದೆಂದು ತಂತಿ ಅಧಿನಿಯಮದ 10ನೆಯ ಪ್ರಕರಣವು ಸ್ಪಷ್ಟವಾಗಿ ವಿಧಿಸಿದೆ. 12ನೆಯ ಪ್ರಕರಣದಂತೆ ಆ ಅನುಮತಿಗೆ ನ್ಯಾಯವಾದ ಷರತ್ತುಗಳನ್ನು ಹಾಕಬಹುದು. ಪಂಚಾಯಿತಿಗೆ ತಗಲುವ ವೆಚ್ಚವನ್ನು ಕೇಳಬಹುದು. ಕೆಲಸದ ಕಾಲವನ್ನೂ ಕ್ರಮವನ್ನೂ ಗೊತ್ತುಪಡಿಸಬಹುದು. ಸುಗ್ಗಿಯಲ್ಲಿ ಗಾಡಿದಾರಿಯನ್ನು ಕಟ್ಟಬಾರದೆಂದೂ, ಕೆಟ್ಟ ರಸ್ತೆಯನ್ನು ಸರಿಮಾಡಿಕೊಡಬೇಕೆಂದೂ ಷರತ್ತು ಹಾಕುವುದು ಇಂತಹುದೇ.

ಮಾರ್ಗವು ಹಾದ ನಂತರ ಸನ್ನಿವೇಶಗಳು ಬದಲಾದರೆ, ತನ್ನ ಸ್ವತ್ತಿನ ಮೇಲಿನ ಮಾರ್ಗವನ್ನು ತೆಗೆಯಬೇಕೆಂದು ಅಥವಾ ಸ್ಥಳ ಬದಲಾಯಿಸಬೇಕೆಂದು ಕೇಳುವ ಹಕ್ಕನ್ನು 13ನೆಯ ಪ್ರಕರಣವು ಸ್ಥಳೀಯ ಸಂಸ್ಥೆಗೆ ಕೊಟ್ಟಿದೆ. ಈ ವಿಷಯಗಳಲ್ಲಿ ವಿವಾದವೆದ್ದರೆ, 15ನೆಯ ಪ್ರಕರಣದಂತೆ ಕೇಂದ್ರ ಸರ್ಕಾರವು ನೇಮಿಸಿದ ಅಧಿಕಾರಿಯು ತೀರ್ಮಾನಿಸುವನು; ಅಪೀಲಿನಲ್ಲಿ ಕೇಂದ್ರ ಸರ್ಕಾರದ ಆಜ್ಞೆಯೇ ಕಡೆಯದು. ಆದುದರಿಂದ ಪಂಚಾಯಿತಿಯ ನಿರಾಕರಣೆಗೂ ಸಕಾರಣವಿರಬೇಕು. ಊರಿನ ಸಾಮಾನ್ಯ ನೆಲವೆಲ್ಲವೂ ಪಂಚಾಯಿತಿಯದೆಂದು ಭಾವಿಸಲೂ ಕೂಡದು. ಗೋಮಾಳವು ಸಾಮಾನ್ಯವಾಗಿ ಸರ್ಕಾರದ ಕಂದಾಯ ಭೂಮಿಯಾಗಿರುವುದು. ಪಹಣಿಯನ್ನು ನೋಡಿ ಯಾವ ರಸ್ತೆ, ಯಾವ ಸ್ಥಳವು ತನ್ನದೆಂಬುದನ್ನು ಪಂಚಾಯಿತಿಯು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಪರಿಹಾರದ ಲೆಕ್ಕ

ಸಂಸ್ಥೆಗೆ ಜಮೀನಿನಲ್ಲಿ ಉಪಯೋಗದ ಹಕ್ಕು ಮಾತ್ರ ಬರುವುದು; ಮಾಲೀಕತ್ವವು ರೈತನಲ್ಲಿಯೇ ಉಳಿಯುವುದು. ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಿ, ಆದ ಹಾನಿಗೆ ಪೂರ್ಣ ಪರಿಹಾರವನ್ನು ಕೊಡತಕ್ಕದ್ದೆಂದು 10ನೆಯ ಪ್ರಕರಣವು ಹೇಳುವುದು. ಪೈರು ಮತ್ತು ಮರಗಳ ಪರಿಹಾರವಲ್ಲದೆ, ನೆಲದ ಬೆಲೆ ಇಳಿಯುವುದಕ್ಕಾಗಿ ಕೇಂದ್ರ ವಿದ್ಯುತ್ ಮಂತ್ರಾಲಯವು 2015ರಲ್ಲಿ ಗೋಪುರದ ತಳಕ್ಕೆ ಭೂಮಿಯ ಬೆಲೆಯಲ್ಲಿ ಶೇಕಡ 85ನ್ನೂ, ಕಾರಿಡಾರಿಗೆ ಹೆಚ್ಚೆಂದರೆ ಶೇಕಡ 15ನ್ನೂ ಸೂಚಿಸಿತ್ತು. 2024ರ ಜೂನ್ ತಿಂಗಳಲ್ಲಿ ಇವನ್ನು ಕ್ರಮವಾಗಿ ಶೇಕಡ 200 ಮತ್ತು ಶೇಕಡ 30ಕ್ಕೆ ಏರಿಸಲಾಯಿತು. ತಳವೆಂದರೆ ನಾಲ್ಕು ಕಾಲುಗಳ ನಡುವಣ ಸ್ಥಳವೂ ಪ್ರತಿ ಪಕ್ಕದಲ್ಲಿ ಇನ್ನೊಂದು ಮೀಟರೂ ಸೇರಿದುದು. ಈ ಸೂಚನೆಗಳು ತಾವಾಗಿಯೇ ಶಾಸನವಲ್ಲ. ರಾಜ್ಯದೊಳಗಿನ ಮಾರ್ಗಗಳಿಗೆ ಆಯಾ ರಾಜ್ಯ ಸರ್ಕಾರವು ಅಂಗೀಕರಿಸಿದ ಮಟ್ಟಿಗೆ ಮಾತ್ರ ಇವು ಅನ್ವಯಿಸುವುವು. ಜಾರಿಯಲ್ಲಿರುವ ಆಜ್ಞೆ ಯಾವುದೆಂಬುದನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ಮೇಲೆ ಹೇಳಿದ ತೋಟದ ಬೆಲೆಯು ಎಕರೆಗೆ 20 ಲಕ್ಷ ರೂಪಾಯಿ, ಎಂದರೆ ಗುಂಟೆಗೆ 50,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಗೋಪುರದ ತಳಕ್ಕೆ ಒಂದು ಗುಂಟೆ ಹಿಡಿದರೆ 2024ರ ದರದಂತೆ 1 ಲಕ್ಷ ರೂಪಾಯಿ ಆಗುವುದು. ಉಳಿದ ಕಾರಿಡಾರಿಗೆ ಸುಮಾರು 5 ಲಕ್ಷ ಆಗುವುದು. ಗೋಪುರದ ಹಣವನ್ನು ಮಾತ್ರ ಪಡೆದು ರುಜುಹಾಕುವ ರೈತನು ಎಷ್ಟು ಕಳೆದುಕೊಳ್ಳುವನೆಂಬುದು ಇದರಿಂದ ವಿಶದವಾಗುವುದು. ಪರಿಹಾರವು ಸಾಲದೆಂದು ತೋರಿದರೆ ಜಿಲ್ಲಾ ನ್ಯಾಯಾಧೀಶರಲ್ಲಿ ಅರ್ಜಿ ಸಲ್ಲಿಸಲು 16ನೆಯ ಪ್ರಕರಣದಲ್ಲಿಯೇ ಅವಕಾಶವಿದೆ. ಜಮೀನಿನ ಸ್ಥಳ, ತಂತಿಯಿಂದ ಅದಕ್ಕಿರುವ ದೂರ, ಮಾರ್ಗವು ಅಂಚಿನಲ್ಲಿ ಹೋಗಿದೆಯೋ ನಡುವೆ ಸೀಳಿದೆಯೋ ಎಂಬ ವಿಷಯಗಳನ್ನೆಲ್ಲಾ ಪರಿಶೀಲಿಸಿ ಪರಿಹಾರವನ್ನು ಗೊತ್ತುಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ 2007ರಲ್ಲಿ ಹೇಳಿರುವುದು.

ರೈತರು ಮಾಡತಕ್ಕ ಕೆಲಸ

ಮಾರ್ಗದ ವಿಷಯದಲ್ಲಿ ಮಾತನಾಡುವ ಸಮಯವು ಗೋಪುರ ನಿಂತ ಮೇಲಲ್ಲ, ಗೂಟ ಹೊಡೆಯುವುದಕ್ಕೆ ಮುಂಚೆ. ನಕ್ಷೆಯಲ್ಲಿ ಗೆರೆಯನ್ನು ಬದಲಾಯಿಸಲು ಒಂದು ಪೆನ್ಸಿಲು ಸಾಕು. ಗೋಪುರವನ್ನು ಕದಲಿಸಲು ಲಕ್ಷಾಂತರ ರೂಪಾಯಿ ಬೇಕು. ಗ್ರಾಮಗಳ ಹೆಸರುಗಳೊಡನೆ ವೃತ್ತಪತ್ರಿಕೆಯಲ್ಲಿ ಪ್ರಕಟಣೆ ಕಂಡ ಕೂಡಲೆ ಪಂಚಾಯಿತಿಯು ಗ್ರಾಮಸಭೆಯನ್ನು ಸೇರಿಸಿ, ನಕ್ಷೆಯನ್ನು ತರಿಸಿ, ತೋಟಗಳನ್ನೂ ಮನೆಗಳನ್ನೂ ಶಾಲೆಯನ್ನೂ ಗುರುತಿಸಬೇಕು. ಬರಿಯ ವಿರೋಧಕ್ಕಿಂತ, ಇಂತಹ ಬದುವಿನ ಮೇಲೆ, ಇಂತಹ ಬೀಳು ನೆಲದ ಮೇಲೆ ಒಯ್ಯಬಹುದೆಂಬ ಬದಲು ದಾರಿಯನ್ನು ಬರೆದು ತೋರಿಸಿದ ಅರ್ಜಿಗೆ ಬೆಲೆ ಹೆಚ್ಚು. ಪ್ರತಿಯೊಬ್ಬ ರೈತನೂ ಕೆಲಸಕ್ಕೆ ಮೊದಲೇ ತನ್ನ ಮರಗಳನ್ನು ಎಣಿಸಿ, ಅವುಗಳ ವಯಸ್ಸನ್ನೂ ಫಲವನ್ನೂ ಬರೆದು, ಛಾಯಾಚಿತ್ರ ತೆಗೆಸಿ, ಮಹಜರಿನ ನಕಲನ್ನು ಪಡೆದಿಟ್ಟುಕೊಳ್ಳಬೇಕು. ಮಾರ್ಗಕ್ಕೆ ಮುಂಚೆ ಇದ್ದ ಮರಕ್ಕೆ ಪರಿಹಾರವುಂಟು. ಅನಂತರ ನೆಟ್ಟುದಕ್ಕೆ ಇಲ್ಲ.

ವಿದ್ಯುತ್ತು ನಾಡಿಗೆ ಬೇಕು. ತೋಟವು ಅದನ್ನು ಬೆಳೆಸಿದವನಿಗೆ ಬೇಕು. ಶಾಸನವು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಪಂಚಾಯಿತಿಗೂ ರೈತನಿಗೂ ಕೆಲವು ಹಕ್ಕುಗಳನ್ನು ಉಳಿಸಿದೆ. ಅವುಗಳನ್ನು ಸಕಾಲದಲ್ಲಿ, ಬರವಣಿಗೆಯ ಮೂಲಕ, ಊರೊಟ್ಟಾಗಿ ಉಪಯೋಗಿಸಿಕೊಳ್ಳುವ ಗ್ರಾಮಕ್ಕೆ ಮಾತ್ರ ಅವುಗಳಿಂದ ಪ್ರಯೋಜನವಾಗುವುದು.