ರೈತನ ಕಣ್ಣಿನಲ್ಲಿ ಗದಗ-ಬೆಟಗೇರಿ ಪೇಟೆ ಮತ್ತು ಸುತ್ತಣ ಸಂತೆಗಳು

ನಮ್ಮ ಭಾಗದ ರೈತನು ಪೇಟೆಗೆ ಹೋಗುವುದು ಹೆಚ್ಚಾಗಿ ಒಂದೇ ದಾರಿಯಲ್ಲಿ. ಚೀಲ ಇಳಿಸುವುದು, ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂಡುವುದು, ಪಟ್ಟಿ ತೆಗೆದುಕೊಳ್ಳುವುದು, ಸಿಕ್ಕ ಬಸ್ಸಿಗೆ ಊರು ಸೇರುವುದು. ಆರು ತಿಂಗಳು ಬೆವರು ಸುರಿಸಿ ಬೆಳೆದ ಮಾಲಿನ ಬೆಲೆ ಅರ್ಧ ತಾಸಿನಲ್ಲಿ ನಿಶ್ಚಯವಾಗುತ್ತದೆ. ಆದರೆ ಆ ಬೆಲೆ ಏಕೆ ಬಂತು, ಪಕ್ಕದ ರಾಶಿಗೆ ಏಕೆ ಹೆಚ್ಚು ಬಂತು ಎಂಬುದನ್ನು ನೋಡುವವರು ಕಡಿಮೆ. ಗದಗ-ಬೆಟಗೇರಿಯಂಥ ಪೇಟೆಯಲ್ಲಿ ಅರ್ಧ ದಿವಸ ಸುಮ್ಮನೆ ಸುತ್ತಾಡಿದರೂ ಕಲಿಯುವುದು ಬಹಳವಿದೆ.

ಈ ಪೇಟೆಯನ್ನು ಬೆಳೆಸಿದ್ದು ಹತ್ತಿ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಬಿತ್ತಿಸಿದರು. ಅದು ಇಲ್ಲಿಯ ಎರೆಭೂಮಿಗೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಬೆಲೆಯ ಹಿಂದೆಯೇ ಬೆರಕೆಯೂ ಬಂತು. ಒಳ್ಳೆಯ ಅರಳೆಯಲ್ಲಿ ಕೀಳು ಅರಳೆ, ಕಸ, ಕಾಳು ಸೇರಿಸಿ ಅಂಡಿಗೆ ಕಟ್ಟುವ ಚಾಳಿ ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯ್ದೆ ಮಾಡಬೇಕಾಯಿತು. 1884ರಲ್ಲಿ ಹೊಟಗಿಯಿಂದ ಗದಗಕ್ಕೆ ರೈಲು ಬಂದ ಮೇಲೆ ವ್ಯಾಪಾರ ಇನ್ನೂ ಹಿಗ್ಗಿತು. ಗದುಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದೂ ಇದೇ ಸೀಮೆಯಲ್ಲಿ. ರೈತನಿಗೆ ಸಾಲ ಬೇಕು, ಆದರೆ ಸಾಲ ಕೊಟ್ಟವನಿಗೇ ಅವನು ಹೇಳಿದ ಬೆಲೆಗೆ ಮಾಲು ಹಾಕಬಾರದು ಎಂಬ ಸಂಕಟ ಆಗಲೂ ಇತ್ತು, ಈಗಲೂ ಪೂರ್ತಿ ಹೋಗಿಲ್ಲ.

ಈಗ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಬರೋಣ. ಆಗಸ್ಟ್-ಸೆಪ್ಟೆಂಬರಿನಲ್ಲಿ ಇಲ್ಲಿ ಎಲ್ಲಿ ನೋಡಿದರೂ ಹೆಸರು. ಎರಡು ತಿಂಗಳು ಮೇಲೊಂದಿಷ್ಟು ದಿನಗಳಲ್ಲಿ ಕೈಗೆ ಬರುವ ಬೆಳೆ. ಅದನ್ನು ತೆಗೆದು ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಬಿತ್ತಲು ಹೊಲ ತೆರವಾಗುತ್ತದೆ. ಆದರೆ ಕೊಯ್ಲಿನ ಹೊತ್ತಿಗೇ ಮಳೆ. ಆದ್ದರಿಂದ ಹಸಿ ಕಾಳನ್ನೇ ಚೀಲಕ್ಕೆ ತುಂಬಿ ತರುವವರು ಬಹಳ. ಖರೀದಿದಾರನು ರಾಶಿಯಲ್ಲಿ ಕೈ ಹಾಕಿ, ಒಂದು ಕಾಳು ಕಚ್ಚಿ ನೋಡಿ, ಮುಂದಿನ ರಾಶಿಗೆ ಹೋಗುತ್ತಾನೆ. ಆ ಒಂದು ಕಚ್ಚಿನಲ್ಲಿ ತೇವಾಂಶದ ಪರೀಕ್ಷೆ ಮುಗಿದಿರುತ್ತದೆ. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇಕಡಾ 12 ಮೀರಬಾರದು.

‘ಒಣಗಿಸಿದರೆ ತೂಕ ಹೋಗುತ್ತದಲ್ಲ’ ಎಂದು ರೈತರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಶೇ. 16 ತೇವಾಂಶದ 100 ಕಿಲೋ ಹೆಸರನ್ನು ಶೇ. 12ಕ್ಕೆ ಇಳಿಸಿದರೆ ಸುಮಾರು 95½ ಕಿಲೋ ಉಳಿಯುತ್ತದೆ. ಲೆಕ್ಕಕ್ಕೆಂದು ಒಣ ಕಾಳಿಗೆ ಕ್ವಿಂಟಲಿಗೆ 7,000 ರೂಪಾಯಿ ಹಿಡಿದರೆ, ಹೋದ ತೂಕದ ಬೆಲೆ 315 ರೂಪಾಯಿ. ಹಸಿ ಕಾಳಿಗೆ ಇದಕ್ಕಿಂತ ಹೆಚ್ಚು ಬೆಲೆ ಮುರಿದರೆ ಒಣಗಿಸುವುದೇ ಲಾಭ. ಒಣಗಿಸುವ ಕೂಲಿಯನ್ನು ಮಾತ್ರ ಇದರಲ್ಲಿ ಕಳೆಯಬೇಕು. ಪ್ರಾಂಗಣದಲ್ಲಿ ಆ ದಿನ ಹಸಿ ಮತ್ತು ಒಣ ರಾಶಿಗಳಿಗೆ ಬಿದ್ದ ಬೆಲೆಗಳನ್ನು ಕೇಳಿ ಬರೆದುಕೊಂಡರೆ ಈ ಲೆಕ್ಕ ಯಾರಾದರೂ ಮಾಡಬಹುದು. ಒಂದು ತಾಡಪತ್ರಿಯ ಖರ್ಚು ಒಂದು ಹಂಗಾಮಿನಲ್ಲಿ ಹುಟ್ಟುತ್ತದೆಯೋ ಇಲ್ಲವೋ ಎಂಬುದೂ ಅದರಲ್ಲಿಯೇ ತಿಳಿಯುತ್ತದೆ.

ಇನ್ನೊಂದು ಮಾತು. ಕರ್ನಾಟಕದ ಮಾರುಕಟ್ಟೆ ಕಾಯ್ದೆಯ ಪ್ರಕಾರ ದಲಾಲಿಯನ್ನೂ ಮಾರುಕಟ್ಟೆ ಶುಲ್ಕವನ್ನೂ ಕೊಡಬೇಕಾದವನು ಕೊಳ್ಳುವವನು, ಮಾರುವ ರೈತನಲ್ಲ. ಪಟ್ಟಿಯಲ್ಲಿ ಆ ಹೆಸರಿನಿಂದ ಹಣ ಮುರಿದಿದ್ದರೆ ಅಲ್ಲಿಯೇ ಕೇಳಬೇಕು. ‘ಸೂಟು’, ‘ಮಾದರಿ’ ಎಂದು ಹೇಳಿ ಎತ್ತಿಟ್ಟುಕೊಳ್ಳುವ ಕಾಳೂ ಹಾಗೆಯೇ. ಟೆಂಡರಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲವೆನ್ನುವ ಹಕ್ಕೂ ನಿಮಗಿದೆ. ಹಕ್ಕು ಇದ್ದರೂ ಸಂಜೆಗೆ ರೊಕ್ಕ ಬೇಕಾದವನು ಅದನ್ನು ಬಳಸಲಾರ ಎಂಬುದು ನಿಜವೇ. ಅಂಥವರು ಉಗ್ರಾಣದಲ್ಲಿ ಮಾಲಿಟ್ಟು ರಸೀದಿಯ ಮೇಲೆ ಸಾಲ ಪಡೆಯುವ ಅನುಕೂಲವನ್ನು ವಿಚಾರಿಸಬೇಕು. ಕಾಳು ಒಣಗಿರದಿದ್ದರೆ ಮಾತ್ರ ಉಗ್ರಾಣದಲ್ಲಿ ಅದನ್ನು ತಿನ್ನುವುದು ಹುಳುವೇ.

ಮೆಣಸಿನಕಾಯಿಯ ರಾಶಿಗಳ ನಡುವೆ ನಡೆದರೆ ಬೇರೊಂದು ಪಾಠ. ಈ ಸೀಮೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಒಂದೇ ಹೊಲದಲ್ಲಿ ಬೆಳೆಯುವ ರೂಢಿಯುಂಟು. ಮೊದಲು ಉಳ್ಳಾಗಡ್ಡಿ ಹೊರಬೀಳುತ್ತದೆ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಬೆಲೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ನೆಲದ ಮೇಲೆ ಒಣಗಿಸಿ ಮಣ್ಣು ಹತ್ತಿದ ಕಾಯಿಯೂ, ಬಿಳಿ ತಿರುಗಿದ ಕಾಯಿಯೂ ಬೆರೆತ ಚೀಲ ಇಡೀ ರಾಶಿಯ ದರವನ್ನು ಕೆಳಗೆ ಎಳೆಯುತ್ತದೆ. ಕಾಯಿ ಮುರಿಯಬಾರದೆಂದೋ ತೂಕ ಬರಲೆಂದೋ ನೀರು ಚಿಮುಕಿಸುವುದಂತೂ ಕೆಟ್ಟದ್ದು. ಒಳಗೆ ಬೂಸುರು ಬೆಳೆದು ಅದರ ವಿಷ ತಿನ್ನುವವರ ಹೊಟ್ಟೆ ಸೇರುತ್ತದೆ. 1863ರ ಕಾಯ್ದೆ ಹತ್ತಿಗೆ ಬಂದದ್ದು ಇಂಥ ಬುದ್ಧಿಯಿಂದಲೇ.

ಗದುಗಿನಿಂದ ಬೆಟಗೇರಿಗೆ ದಾಟಿದರೆ ಮಗ್ಗದ ಸದ್ದು. ಇಲ್ಲಿಯ ನೇಕಾರರ ಸೀರೆಗಳು ಹೆಸರುವಾಸಿ. ಕೈಮಗ್ಗದ ಜಾಗದಲ್ಲಿ ಬಹಳ ಮನೆಗಳಲ್ಲಿ ವಿದ್ಯುತ್ ಮಗ್ಗ ಬಂದಿದೆ. ರೈತನು ಇಲ್ಲಿ ಒಮ್ಮೆ ನಿಂತು ನೋಡಬೇಕು. ಏಕೆಂದರೆ ಅವನ ಹತ್ತಿ ಇಲ್ಲಿಗೆ ನೇರವಾಗಿ ಬರುವುದಿಲ್ಲ. ಜಿನ್ನಿನಲ್ಲಿ ಹಿಂಜಿದಾಗ ನೂರು ಕಿಲೋ ಕಾಳುಹತ್ತಿಯಿಂದ ಹೊರಡುವ ಅರಳೆ ಸುಮಾರು ಮೂರನೆಯ ಒಂದು ಪಾಲು. ಉಳಿದದ್ದು ಹೆಚ್ಚಾಗಿ ಬೀಜ. ಆ ಅರಳೆ ದೂರದ ನೂಲಿನ ಗಿರಣಿ ಸೇರಿ, ನೂಲಾಗಿ, ನೇಕಾರನ ಕೈಗೆ ಬೆಲೆ ಏರಿಸಿಕೊಂಡು ಬರುತ್ತದೆ. ನೂಲಿನ ಬೆಲೆ ಏರಿದರೆ ನೇಕಾರ ಸೊರಗುತ್ತಾನೆ, ಹತ್ತಿಯ ಬೆಲೆ ಇಳಿದರೆ ರೈತ ಸೊರಗುತ್ತಾನೆ. ಇಬ್ಬರೂ ಒಂದೇ ಪೇಟೆಯಲ್ಲಿದ್ದು ಒಬ್ಬರನ್ನೊಬ್ಬರು ಕಾಣರು. ಬಿಡಿಸುವಾಗ ಒಣ ಎಲೆಯ ಚೂರು, ಚೀಲದ ಪ್ಲಾಸ್ಟಿಕ್ ಎಳೆ ಹತ್ತಿಯಲ್ಲಿ ಸೇರಿದರೆ ಏನಾಗುವುದೆಂದು ನೇಕಾರನನ್ನು ಕೇಳಿರಿ. ಬಣ್ಣ ಹಿಡಿಯದೆ ಎದ್ದು ಕಾಣುವ ಆ ಎಳೆಯನ್ನು ಅವನು ಬಟ್ಟೆಯಲ್ಲಿಯೇ ತೋರಿಸುತ್ತಾನೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ವಾರದ ಸಂತೆಗಳ ಸೊಗಸೇ ಬೇರೆ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ತಿರುಳ್ಗನ್ನಡದ ಸೀಮೆಯೆಂದು ಕವಿರಾಜಮಾರ್ಗವು ಎಣಿಸಿದ ಊರುಗಳಲ್ಲಿ ಒಂದು. ಮುಂಡರಗಿಯ ಕಡೆ ಕಪ್ಪತಗುಡ್ಡವಿದೆ, ಔಷಧಿ ಗಿಡಗಳಿಗೆ ಹೆಸರಾದದ್ದು. ಸಂತೆಯ ಅಂಚಿನಲ್ಲಿ ಕಮ್ಮಾರರು ಕುಡಗೋಲು, ಕುರ್ಪಿ, ಕುಂಟಿಯ ಕುಡ ಹರವಿಕೊಂಡು ಕೂಡುತ್ತಾರೆ. ಹಳೆಯ ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಕುಡಗೋಲು ತಗಡಿನದಕ್ಕಿಂತ ಎಷ್ಟೋ ದಿನ ಹರಿತ ಹಿಡಿಯುತ್ತದೆ. ಯಾವ ಕಬ್ಬಿಣವೆಂದು ಕೇಳಿಯೇ ಕೊಳ್ಳಬೇಕು. ಹೆಣ್ಣುಮಕ್ಕಳು ಬಳಸುವ ಕುರ್ಪಿಯನ್ನು ಗಂಡಸರು ಆರಿಸಿ ತರುವುದು ನಮ್ಮ ರೂಢಿ. ದಿನವಿಡೀ ಕುಕ್ಕುರುಗಾಲಿನಲ್ಲಿ ಕಸ ತೆಗೆಯುವವರೇ ಹಿಡಿ ಹಿಡಿದು ನೋಡಿದರೆ ಕೈಗೆ ಗುಳ್ಳೆ ಬರುವುದು ತಪ್ಪೀತು.

ಹಳೆಯ ಸಾಮಾನಿನ ಸಾಲಿನಲ್ಲಿ ಎಚ್ಚರಿಕೆ ಬೇಕು. ಹಳೆಯ ಸರಪಳಿ, ಬೋಲ್ಟು, ಪೈಪು ಅಗ್ಗವಾಗಿ ಸಿಗುತ್ತವೆ, ಒಳ್ಳೆಯದೇ. ಆದರೆ ಕೀಟನಾಶಕದ ಖಾಲಿ ಡಬ್ಬಿ, ಕ್ಯಾನುಗಳನ್ನು ತೊಳೆದು ಮಾರುವುದನ್ನು ಕಂಡರೆ ಮುಟ್ಟಬೇಡಿರಿ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನೊಳಗೆ ಸೇರಿದ ವಿಷ ಪೂರ್ತಿ ಹೋಗುವುದಿಲ್ಲ. ಅದರಲ್ಲಿ ಎಣ್ಣೆ, ನೀರು, ಹಾಲು ಇಡುವುದೆಂದರೆ ಮಕ್ಕಳ ಬಾಯಿಗೆ ವಿಷ ಹಾಕಿದಂತೆ. ನಿಮ್ಮ ಮನೆಯ ಖಾಲಿ ಡಬ್ಬಿಗಳನ್ನು ಗುಜರಿಯವನಿಗೆ ಕೊಡುವ ಮೊದಲು ತೂತು ಮಾಡಿರಿ. ಹಾಗಾದರೆ ಯಾರೂ ಅದನ್ನು ಮತ್ತೆ ತುಂಬಲಾರರು. ಸಂತೆಯಲ್ಲಿ ಬಿಡಿಯಾಗಿ ಮಾರುವ ಬೀಜದ ಮಾತೂ ಅಷ್ಟೇ. ಪಾವತಿ ಇಲ್ಲದೆ ಕೊಂಡ ಬೀಜ ಹುಟ್ಟದಿದ್ದರೆ ಕೇಳಲು ಯಾರೂ ಇರುವುದಿಲ್ಲ.

ಕೊನೆಗೆ ಹೊಟ್ಟೆಯ ವಿಷಯ. ಗದುಗಿಗೆ ಹೋದವರು ಮಿರ್ಚಿ ತಿನ್ನದೆ ಬರುವುದುಂಟೆ? ಆ ಬಾಣಲೆಯಲ್ಲಿ ಬೇಯುವುದು ನಮ್ಮದೇ ಕಡಲೆಯ ಹಿಟ್ಟು; ಗಿರಮಿಟ್ಟಿನ ಮೇಲೆ ಉದುರಿಸುವ ಪುಟಾಣಿ ಹಿಟ್ಟೂ ಅದೇ ಕಡಲೆಯದು. ಮಾರಿದ ಕಡಲೆಯ ದರವನ್ನೂ ಕೊಂಡ ಹಿಟ್ಟಿನ ದರವನ್ನೂ ಜೊತೆಗಿಟ್ಟು ನೋಡಿದರೆ, ಊರಿನಲ್ಲೊಂದು ಬೇಳೆ ಒಡೆಯುವ ಯಂತ್ರ ಹೂಡಬಹುದೇ ಎಂಬ ವಿಚಾರ ತಾನಾಗಿ ಬರುತ್ತದೆ. ಹೆಣ್ಣುಮಕ್ಕಳ ಸಂಘಗಳು ಕಟಕ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವುದನ್ನು ಈಗ ಪೇಟೆಗಳಲ್ಲಿ ಕಾಣುತ್ತೇವೆ. ಹಿಂಗಾರಿಯ ಎಂ-35-1 ಜೋಳದ ಹಿಟ್ಟು ಚೆನ್ನಾಗಿ ನಾದಿಕೊಳ್ಳುತ್ತದೆ, ರೊಟ್ಟಿ ಬೆಳ್ಳಗೆ ಬರುತ್ತದೆ. ಮುಂಗಾರಿ ಜೋಳಕ್ಕೆ ತೆನೆ ಮಾಗುವಾಗ ಮಳೆ ಬಡಿದರೆ ಕಾಳು ಕಪ್ಪಾಗಿ ರೊಟ್ಟಿಗೆ ಕಹಿ ಬರುತ್ತದೆ. ಆದ್ದರಿಂದ ರೊಟ್ಟಿ ಮಾರುವ ಸಂಘದವರು ಹಿಂಗಾರಿ ಜೋಳವನ್ನೇ ಹುಡುಕುತ್ತಾರೆ. ಅಂಥ ಸಂಘವೊಂದು ನಿಮ್ಮ ಹತ್ತಿರದ ಪೇಟೆಯಲ್ಲಿದ್ದರೆ ಸುಗ್ಗಿಯ ಮೊದಲೇ ಹೋಗಿ ಮಾತಾಡಿರಿ. ವರ್ಷಕ್ಕೆ ಎಷ್ಟು ಚೀಲ ಬೇಕು, ಯಾವ ತಿಂಗಳು ಬೇಕು ಎಂದು ಅವರೇ ಹೇಳುತ್ತಾರೆ.