ಅಪ್ಪನಿಗೆ ಗೊಂದಲವೋ, ಮಲಯಾಳಂ ಬಾರದೋ?

ಟೆಕ್ನೋಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮಂಥವರು ಶ್ರೀಕಾರ್ಯಂ ಕಡೆ ಮನೆ ಹುಡುಕುವಾಗ ಲೆಕ್ಕ ಹಾಕುವ ಸಂಗತಿಗಳಲ್ಲಿ ಆಸ್ಪತ್ರೆಯೂ ಒಂದು. ಉಳ್ಳೂರು ದಾಟಿದರೆ ಸರ್ಕಾರಿ ಮೆಡಿಕಲ್ ಕಾಲೇಜು. ಊರಿನಿಂದ ಅಪ್ಪ, ಅಮ್ಮ ಬಂದು ಎರಡು ತಿಂಗಳು ಇರುತ್ತಾರೆಂದರೆ ಅದೊಂದು ಧೈರ್ಯ. ಆದರೆ ಆಸ್ಪತ್ರೆ ಯಾವುದೇ ಇರಲಿ, ಕ್ಯಾಶುವಾಲಿಟಿಯಲ್ಲಿ ಮೊದಲ ಕೆಲವು ನಿಮಿಷ ನಡೆಯುವ ಒಂದು ಲೆಕ್ಕಾಚಾರದಲ್ಲಿ ನಮ್ಮ ಭಾಷೆಯೂ ಬಂದು ಕೂರುತ್ತದೆ. ಅದು ಸೆಪ್ಸಿಸ್‌ನ ಲೆಕ್ಕ.

ನಮ್ಮ ಕಡೆ ‘ರಕ್ತಕ್ಕೆ ನಂಜೇರಿತು’ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕೇರಳದ ಮಳೆಗಾಲದಲ್ಲಾದರೆ ಇಲಿಜ್ವರ, ಯಾವುದರಿಂದಲೂ ಶುರುವಾಗಬಹುದು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹ ಹದ ತಪ್ಪಿ ತನ್ನದೇ ಅಂಗಾಂಗಗಳನ್ನು ಕೆಡಿಸಿಕೊಳ್ಳುತ್ತದೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಜನ ಸತ್ತರು ಎಂಬ ಅಂದಾಜಿದೆ. ಬಿಪಿ ಕುಸಿದ ರೋಗಿಗಳಲ್ಲಿ ಸರಿಯಾದ ಆ್ಯಂಟಿಬಯೋಟಿಕ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ಶೇ. 7.6ರಷ್ಟು ಇಳಿಯಿತು ಎಂದು 2006ರ ಒಂದು ಅಧ್ಯಯನ ಹೇಳಿತು. ಹಾಗಾಗಿ ಯಾರ ಸ್ಥಿತಿ ಕೆಡಲಿದೆ ಎಂದು ಮೊದಲೇ ಊಹಿಸುವುದು ಇಲ್ಲಿ ಬಹಳ ಮುಖ್ಯ.

ಅದಕ್ಕೆ 2016ರಲ್ಲಿ ಬಂದ ಸರಳ ಸೂತ್ರ ಕ್ವಿಕ್ ಸೋಫಾ. ಉಸಿರಾಟ ನಿಮಿಷಕ್ಕೆ 22 ಅಥವಾ ಹೆಚ್ಚು, ಮೇಲಿನ ಬಿಪಿ 100 ಅಥವಾ ಕಡಿಮೆ, ಪ್ರಜ್ಞೆಯಲ್ಲಿ ಏರುಪೇರು. ಸೋಂಕಿರುವ ರೋಗಿಯಲ್ಲಿ ಈ ಮೂರರಲ್ಲಿ ಎರಡಿದ್ದರೆ ಅಪಾಯ. ಅಮೆರಿಕದ ಪೆನ್ಸಿಲ್ವೇನಿಯಾದ ಸುಮಾರು 13 ಲಕ್ಷ ಆಸ್ಪತ್ರೆ ದಾಖಲೆಗಳನ್ನು ಜಾಲಾಡಿ ಕಟ್ಟಿದ ಸೂತ್ರವಿದು. ಇದೊಂದನ್ನೇ ನಂಬಿದರೆ ಹಲವರು ತಪ್ಪಿಹೋಗುತ್ತಾರೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎಚ್ಚರಿಸಿದ್ದೂ ನಿಜ.

ನನಗೆ ಕುತೂಹಲ ಆ ಮೂರನೆಯದರ ಬಗ್ಗೆ. ಬಿಪಿಗೆ ಯಂತ್ರವಿದೆ, ಉಸಿರೆಣಿಸಲು ಗಡಿಯಾರ ಸಾಕು. ಪ್ರಜ್ಞೆಗೆ ಏನಿದೆ? 1974ರಲ್ಲಿ ಬಂದ ಗ್ಲಾಸ್ಗೋ ಮಾಪಕದಲ್ಲಿ ಮಾತಿಗೆ ಪೂರ್ತಿ ಐದು ಅಂಕ ಬೇಕಾದರೆ ರೋಗಿ ತಾನು ಯಾರು, ಎಲ್ಲಿದ್ದೇನೆ, ಇದು ಯಾವ ತಿಂಗಳು ಎಂದು ಸರಿಯಾಗಿ ಹೇಳಬೇಕು. ಗೊಂದಲವಿದ್ದರೆ ನಾಲ್ಕು. ಈಗ ದಾವಣಗೆರೆಯಿಂದ ಬಂದ ಎಪ್ಪತ್ತೈದರ ಅಜ್ಜನ ಮುಂದೆ ನಿಂತು ‘ಪೇರ್ ಎಂದಾ?’ ಅಂತ ಕೇಳಿದರೆ ಆತ ಪಿಳಿಪಿಳಿ ನೋಡುತ್ತಾನೆ. ಆಗ ಎರಡು ರೀತಿಯಲ್ಲಿ ಎಡವಟ್ಟಾಗಬಹುದು. ಬುದ್ಧಿ ನೆಟ್ಟಗಿದ್ದರೂ ಗೊಂದಲ ಎಂದು ಬರೆದುಕೊಳ್ಳುವುದು ಒಂದು. ನಿಜವಾಗಿಯೂ ಮಂಕಾಗಿದ್ದರೂ ‘ಭಾಷೆ ಬರಲ್ಲ ಪಾಪ’ ಎಂದು ಬಿಟ್ಟುಬಿಡುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಭಯದ್ದು. ವಯಸ್ಸಾದವರಲ್ಲಿ ಜ್ವರವೇ ಬಾರದೆ, ಬರೀ ಮಂಕುತನದಿಂದಲೇ ಸೆಪ್ಸಿಸ್ ಶುರುವಾಗುವುದುಂಟು.

ಬ್ರಿಟನ್ನಿನ ನ್ಯೂಸ್-2 ಎಂಬ ಮಾಪಕ 2017ರಲ್ಲಿ ‘ಹೊಸದಾಗಿ ಬಂದ ಗೊಂದಲ’ಕ್ಕೆ ಒಟ್ಟಿಗೇ ಮೂರು ಅಂಕ ಇಟ್ಟಿತು. ಹೊಸದೋ ಹಳೆಯದೋ ಎಂದು ಹೇಳಬಲ್ಲವರು ಯಾರು? ನಿನ್ನೆ ಬೆಳಿಗ್ಗೆ ಅದೇ ಅಜ್ಜನ ಜೊತೆ ಕಾಫಿ ಕುಡಿದವರು.

ಇದನ್ನೆಲ್ಲ ಎಐ ನೋಡಿಕೊಳ್ಳುತ್ತೆ ಎನ್ನುವ ಆಫೀಸಿನ ಗೆಳೆಯರಿಗೆ 2021ರ ಒಂದು ವರದಿಯನ್ನು ನೆನಪಿಸುತ್ತೇನೆ. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಎಪಿಕ್ ಕಂಪನಿಯ ಸೆಪ್ಸಿಸ್ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದಾಗ, ಸೆಪ್ಸಿಸ್ ಆದವರಲ್ಲಿ ಶೇ. 67 ಮಂದಿಯನ್ನು ಅದು ಗುರುತಿಸಿರಲೇ ಇಲ್ಲ. ನಾವು ದಿನಾ ಬೈದುಕೊಳ್ಳುವ ಕಸ ಡೇಟಾದ ಕಥೆ ಇಲ್ಲೂ ಇದ್ದದ್ದೇ. ‘ಗೊಂದಲ ಇಲ್ಲ’ ಎಂದು ಯಾರೋ ಒತ್ತಿದ ಗುಂಡಿಯ ಹಿಂದೆ ಏನಾಗಿತ್ತೆಂದು ಯಾವ ಮಾದರಿಗೂ ಗೊತ್ತಾಗುವುದಿಲ್ಲ.

ಐಸಿಯು ಬಾಗಿಲಲ್ಲಿ ‘ಚಾನ್ಸ್ ಎಷ್ಟಿದೆ ಡಾಕ್ಟ್ರೇ?’ ಅಂತ ಎಲ್ಲರೂ ಕೇಳುತ್ತೇವೆ. ಸಿಗುವ ಶೇಕಡಾವಾರು ಒಂದು ಗುಂಪಿನದು, ನಮ್ಮ ಅಪ್ಪನದಲ್ಲ. ಆರು ಅಂಗವ್ಯವಸ್ಥೆಗಳನ್ನು ಅಳೆಯುವ ಪೂರ್ಣ ಸೋಫಾ ಅಂಕ ಮೊದಲ 48 ಗಂಟೆಯಲ್ಲಿ ಏರಿತೋ ಇಳಿಯಿತೋ ಅಂತ ಕೇಳಿ, ಅದು ಮೊದಲ ದಿನದ ಒಂದೇ ಅಂಕಿಗಿಂತ ಹೆಚ್ಚು ಹೇಳುತ್ತದೆ.

ಅಪ್ಪ, ಅಮ್ಮ ಊರಿಂದ ಬಂದ ವಾರವೇ ಒಂದು ಹಾಳೆಯಲ್ಲಿ ಬರೆದಿಡಬಹುದು: ಮಾಮೂಲು ಬಿಪಿ, ಮಾತ್ರೆಗಳು, ಕಿವಿ ಎಷ್ಟು ಕೇಳುತ್ತೆ, ಮರೆವು ಎಷ್ಟಿದೆ. ಮಲಯಾಳಂನಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. ‘ಇನ್ನಲೆ ವರೆ ಇಙ್ಙನೆ ಅಲ್ಲಾಯಿರುನ್ನು.’ ನಿನ್ನೆವರೆಗೂ ಹೀಗಿರಲಿಲ್ಲ ಅಂತ. ಹೆಸರು, ಜಾಗ, ತಿಂಗಳು ಕೇಳುವ ಪ್ರಶ್ನೆಗಳನ್ನು ಡಾಕ್ಟರ ಎದುರಿಗೇ ಕನ್ನಡದಲ್ಲಿ ನೀವೇ ಕೇಳಿ, ಬಂದ ಉತ್ತರವನ್ನು ಇದ್ದಂತೆಯೇ ಹೇಳಿ. ಅಪ್ಪನ ಮಾನ ಕಾಯಲು ತಿದ್ದಿ ಹೇಳಬೇಡಿ. ಮತ್ತೆ, ಕೇರಳದ ನರ್ಸ್‌ಗಳಲ್ಲಿ ಬೆಂಗಳೂರು, ಮಂಗಳೂರಲ್ಲಿ ಓದಿ ಬಂದವರು ಬಹಳ ಮಂದಿ. ‘ಇಲ್ಲಿ ಯಾರಿಗಾದ್ರೂ ಕನ್ನಡ ಬರುತ್ತಾ?’ ಅಂತ ಒಮ್ಮೆ ಗಟ್ಟಿಯಾಗಿ ಕೇಳಿ ನೋಡಿ.