ಡಾಕ್ಟರ್ ಸೀಟಿನ ಲೆಕ್ಕ

ಮನೆಯಲ್ಲಿ ಮಗಳು ಪಿಯುಸಿ ಸೈನ್ಸ್ ಓದುತ್ತಿದ್ದರೆ ಅಪ್ಪ ಕಂಡಕಂಡವರಿಗೆಲ್ಲ ಕೇಳುವ ಪ್ರಶ್ನೆ ಒಂದೇ: "ನಮ್ಮ ಹುಡುಗಿಗೆ ಡಾಕ್ಟರ್ ಸೀಟ್ ಸಿಗತೈತೇನ್ರಿ?" ಕೇಳುವವನು ಹಾನಗಲ್ಲ ಕಡೆಯ ಭತ್ತದ ರೈತನಿರಬಹುದು, ಸವಣೂರಿನ ಎಲೆ ವ್ಯಾಪಾರಿಯಿರಬಹುದು, ಶಿಗ್ಗಾಂವಿಯ ಮಾಸ್ತರ ಇರಬಹುದು. ಕೋಚಿಂಗ್ ಸೆಂಟರಿನವರು "ಗ್ಯಾರಂಟಿ" ಅನ್ನುತ್ತಾರೆ. ನೆಂಟರು "ರೊಕ್ಕ ಇಲ್ಲದವರಿಗೆ ಅದೆಲ್ಲಿ" ಅನ್ನುತ್ತಾರೆ. ಎರಡನ್ನೂ ನಂಬಬೇಕಿಲ್ಲ. ಕರ್ನಾಟಕದ ಮೆಡಿಕಲ್ ಸೀಟು ಹಂಚಿಕೆಯಲ್ಲಿ ದೋಷಗಳು ಬೇಕಾದಷ್ಟಿವೆ, ಆದರೆ ಒಂದು ದೊಡ್ಡ ಗುಣವೂ ಇದೆ: ನಮ್ಮ ಮಗುವಿಗೆ ಅವಕಾಶ ಎಷ್ಟು ಎಂಬುದನ್ನು ಪೆನ್ನು ಕಾಗದ ಹಿಡಿದು ಮನೆಯಲ್ಲೇ ಕೂತು ಅಂದಾಜು ಮಾಡಬಹುದು.

ಎಲ್ಲ ದೇಶದಲ್ಲೂ ಹೀಗಿಲ್ಲ. ಅಮೆರಿಕದಲ್ಲಿ ಡಾಕ್ಟರಾಗಬೇಕೆಂದರೆ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಇನ್ನೊಂದು ಪ್ರವೇಶ ಪರೀಕ್ಷೆ, ಆಮೇಲೆ ಮತ್ತೆ ನಾಲ್ಕು ವರ್ಷದ ವೈದ್ಯಕೀಯ. ಈ ಎರಡನ್ನೂ ಒಟ್ಟಿಗೆ ಕೊಡುವ ಕೋರ್ಸುಗಳು ಅಲ್ಲಿ ಕೆಲವೇ. ಬ್ರೌನ್ ವಿಶ್ವವಿದ್ಯಾಲಯದ್ದು ಎಂಟು ವರ್ಷದ್ದು, ಮಿಸ್ಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಶಾಖೆಯದು ಆರು ವರ್ಷದ್ದು. ಅಲ್ಲಿನ ಕನ್ನಡದ ಮನೆಗಳಲ್ಲೂ ಇವುಗಳ ಆಸೆ ಬಹಳ. ಆದರೆ ಅಲ್ಲಿ ಅಂಕದ ಜೊತೆಗೆ ಪ್ರಬಂಧ, ಸಂದರ್ಶನ, ಆಸ್ಪತ್ರೆಯಲ್ಲಿ ಮಾಡಿದ ಸ್ವಯಂಸೇವೆ, ಮೇಷ್ಟ್ರುಗಳ ಶಿಫಾರಸು ಪತ್ರ ಎಲ್ಲವನ್ನೂ ತೂಗುತ್ತಾರೆ. ಯಾರಿಗೆ ಸಿಕ್ಕಿತು, ಯಾಕೆ ಸಿಕ್ಕಿತು ಎಂದು ಹೊರಗಿನವರು ಹೇಳಲಾರರು. ನಮ್ಮಲ್ಲಿ ಪಿಯುಸಿ ಮುಗಿದೊಡನೆ ನೇರ ಎಂಬಿಬಿಎಸ್: ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಯ್ಕೆಗೆ ಇರುವುದು ಒಂದೇ ಪರೀಕ್ಷೆ, ನೀಟ್.

ಹಿಂದೆ ಹೀಗಿರಲಿಲ್ಲ ಎಂಬುದನ್ನು ಇವತ್ತಿನ ಹುಡುಗರಿಗೆ ಹೇಳಬೇಕು. ಖಾಸಗಿ ಕಾಲೇಜಿಗೆ ಕ್ಯಾಪಿಟೇಶನ್ ಕಟ್ಟಿ ಸೇರುವುದು ನಮ್ಮ ರಾಜ್ಯದಲ್ಲಿ ಬಹಿರಂಗ ವ್ಯವಹಾರವಾಗಿತ್ತು. 1984ರಲ್ಲಿ ಅದರ ವಿರುದ್ಧ ರಾಜ್ಯ ಕಾನೂನು ಮಾಡಿತು. ತುಮಕೂರಿನ ಕಾಲೇಜೊಂದರ ಶುಲ್ಕದ ತಕರಾರು ಮೋಹಿನಿ ಜೈನ್ ಪ್ರಕರಣವಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1992ರಲ್ಲಿ ತೀರ್ಮಾನವಾಯಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು, 1994ರಲ್ಲಿ ಸಿಇಟಿ ಘಟಕ ಹುಟ್ಟಿತು. ಹಳ್ಳಿಯ ಹುಡುಗ ರ‍್ಯಾಂಕಿನ ಬಲದಿಂದ ಖಾಸಗಿ ಕಾಲೇಜಿನೊಳಗೂ ಸರ್ಕಾರಿ ಫೀಸಿನಲ್ಲಿ ಕಾಲಿಡುವಂತಾದದ್ದು ಅಲ್ಲಿಂದಾಚೆಗೆ. ವೈದ್ಯಕೀಯದ ಮಟ್ಟಿಗೆ ಸಿಇಟಿಯ ಜಾಗಕ್ಕೆ ನೀಟ್ ಬಂದಿದೆ. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದು.

ನೀಟ್ 720 ಅಂಕದ ಪರೀಕ್ಷೆ. 180 ಪ್ರಶ್ನೆ, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಅರ್ಧ ಅಂಕ, ಅಂದರೆ 360, ಜೀವಶಾಸ್ತ್ರದ್ದು. ನಮ್ಮ ಪಿಯುಸಿ ವಿಜ್ಞಾನಕ್ಕೆ 2012-13ರಿಂದಲೇ ಎನ್‌ಸಿಇಆರ್‌ಟಿ ಪಠ್ಯ ಬಂದಿರುವುದರಿಂದ ಹಿರೇಕೆರೂರಿನ ಸರ್ಕಾರಿ ಕಾಲೇಜಿನ ಪುಸ್ತಕವೂ ದಿಲ್ಲಿಯ ಹುಡುಗನ ಪುಸ್ತಕವೂ ಬೇರೆಯಲ್ಲ. ಜೀವಶಾಸ್ತ್ರವನ್ನು ಸಾಲುಸಾಲಾಗಿ ಓದಿಕೊಂಡ ಮಗು ಅಲ್ಲಿ ಹಿಂದೆ ಬೀಳುವುದಿಲ್ಲ. ಹಿಂದೆ ಬೀಳುವುದು ಭೌತಶಾಸ್ತ್ರದಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಪ್ರಥಮ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬೀಳುವ ಮಕ್ಕಳ ಮೊದಲ ಆರು ತಿಂಗಳು ಹೆದರಿಕೆಯಲ್ಲೇ ಕಳೆಯುತ್ತವೆ. ಕೋಚಿಂಗಿಗೆ ಸುರಿಯುವ ರೊಕ್ಕದಲ್ಲಿ ಸ್ವಲ್ಪವನ್ನು ಹತ್ತನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಗಣಿತ, ಭೌತಶಾಸ್ತ್ರದ ಬುನಾದಿಗೆ ಹಾಕಿದರೆ ಲಾಭ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಇನ್ನು ಲೆಕ್ಕಕ್ಕೆ ಬರೋಣ. "ನೀಟ್ ಪಾಸಾಯ್ತು" ಎಂಬ ಸುದ್ದಿಗೆ ಪೇಢೆ ಹಂಚುವವರಿದ್ದಾರೆ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಎಂಬಿಬಿಎಸ್ ಸೀಟುಗಳಿದ್ದದ್ದು ಸುಮಾರು 1 ಲಕ್ಷ 20 ಸಾವಿರ. ಅಂದರೆ ಪಾಸಾದ ಹತ್ತು ಮಂದಿಯಲ್ಲಿ ಒಬ್ಬರಿಗೆ ಸೀಟು. ಪಾಸಾಗುವುದು ಸರತಿಯಲ್ಲಿ ನಿಲ್ಲಲು ಸಿಕ್ಕ ಚೀಟಿ, ಅಷ್ಟೇ.

ಎರಡನೆಯ ಗೊಂದಲ ಅಂಕದ್ದು. "ಕಳೆದ ವರ್ಷ ಇಷ್ಟು ಅಂಕಕ್ಕೆ ಸಿಕ್ಕಿತ್ತು" ಎಂಬ ಮಾತಿಗೆ ಬೆಲೆಯಿಲ್ಲ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿಗೆ 720ಕ್ಕೆ 720 ಬಂದಿತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವನ ಅಂಕ 686. ಪ್ರಶ್ನೆಪತ್ರಿಕೆ ಬಿಗಿಯಾದರೆ ಎಲ್ಲರ ಅಂಕವೂ ಇಳಿಯುತ್ತದೆ, ಸಡಿಲಾದರೆ ಎಲ್ಲರದೂ ಏರುತ್ತದೆ. ನೋಡಬೇಕಾದದ್ದು ರ‍್ಯಾಂಕ್. ಪ್ರತಿ ಸುತ್ತಿನ ಹಂಚಿಕೆಯ ನಂತರ ಯಾವ ಕಾಲೇಜಿನಲ್ಲಿ, ಯಾವ ವರ್ಗದಲ್ಲಿ, ಎಷ್ಟನೆಯ ರ‍್ಯಾಂಕಿಗೆ ಕೊನೆಯ ಸೀಟು ಹೋಯಿತು ಎಂಬ ಪಟ್ಟಿಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಪ್ರಕಟಿಸುತ್ತದೆ. ಹಿಂದಿನ ಎರಡು ಮೂರು ವರ್ಷದ ಈ ಕಟಾಫ್ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡರೆ ಜ್ಯೋತಿಷಿ ಬೇಡ.

ಆ ಪಟ್ಟಿ ಓದಲು ಗೊತ್ತಿರಬೇಕಾದದ್ದು ಒಂದೇ: ನಿಮ್ಮ ಮಗು ಯಾವ ಯಾವ ಸಾಲಿನಲ್ಲಿ ನಿಲ್ಲಬಹುದು? ಹಾವೇರಿ ಮೆಡಿಕಲ್ ಕಾಲೇಜನ್ನೇ ತೆಗೆದುಕೊಳ್ಳೋಣ. 2022-23ರಲ್ಲಿ ಮೊದಲ ತಂಡ ಸೇರಿತು, 150 ಸೀಟು. "ಜಿಲ್ಲೆಗೆ ಕಾಲೇಜು ಬಂತು, ನಮ್ಮ ಮಕ್ಕಳಿಗೆ ಅನುಕೂಲ" ಎಂದು ಹಿಗ್ಗಿದವರು ಬಹಳ. ರೋಗಿಗಳಿಗೆ ಅನುಕೂಲವಾದದ್ದು ನಿಜ. ಸೀಟಿಗೆ ಮಾತ್ರ ಜಿಲ್ಲೆಯ ಲೆಕ್ಕವೇ ಇಲ್ಲ. 150ರಲ್ಲಿ ಶೇ. 15, ಅಂದರೆ 22-23 ಸೀಟು, ಅಖಿಲ ಭಾರತ ಕೋಟಾಕ್ಕೆ. ಉಳಿದ ಸುಮಾರು 127 ಇಡೀ ರಾಜ್ಯದವು. ಕೋಲಾರದ ಹುಡುಗನಿಗೂ ಹಾನಗಲ್ಲಿನ ಹುಡುಗಿಗೂ ಅಲ್ಲಿ ಹಕ್ಕು ಒಂದೇ. ಅದರಲ್ಲೂ ಶೇ. 8 ಸೀಟು ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಮೀಸಲು, ಹಾವೇರಿ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಕೊಪ್ಪಳ, ಬಳ್ಳಾರಿಯ ಕಾಲೇಜುಗಳಲ್ಲಿ ಶೇ. 70 ಸ್ಥಳೀಯರಿಗೇ ಹೋಗುವುದರಿಂದ ನಕಾಶೆಯಲ್ಲಿ ಹತ್ತಿರವಿದ್ದರೂ ನಮ್ಮವರಿಗೆ ಅವು ದೂರ. ಗದಗಕ್ಕೆ, ಹುಬ್ಬಳ್ಳಿಗೆ ಆ ತೊಡಕಿಲ್ಲ.

ಉಳಿದದ್ದನ್ನು ವರ್ಗವಾರು ಹಂಚುತ್ತಾರೆ: ಪರಿಶಿಷ್ಟ ಜಾತಿಗೆ ಶೇ. 17, ಪರಿಶಿಷ್ಟ ಪಂಗಡಕ್ಕೆ 7, ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5, ಮಿಕ್ಕದ್ದು ಸಾಮಾನ್ಯ. ಹಾವೇರಿ ಕಾಲೇಜಿನಲ್ಲಿ 3ಬಿಗೆ ಬರುವುದು ಆರರ ಆಸುಪಾಸು ಸೀಟು ಮಾತ್ರ. ಹಾನಗಲ್ಲ, ಸವಣೂರು, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳಲ್ಲಿ ಆ ವರ್ಗದ ಮನೆಗಳೋ ಬಹಳ. ರ‍್ಯಾಂಕ್ ಚೆನ್ನಾಗಿದ್ದರೆ ಯಾವ ವರ್ಗದ ಮಗುವಾದರೂ ಸಾಮಾನ್ಯ ಸಾಲಿನಲ್ಲೇ ಸೀಟು ಪಡೆಯಬಹುದು ಎಂಬುದನ್ನೂ ಮರೆಯಬಾರದು.

ಇಲ್ಲಿಂದ ಮುಂದಿನದು ನಮ್ಮ ಸೀಮೆಯವರಿಗೆ ಮುಖ್ಯ. ಪ್ರತಿ ವರ್ಗದೊಳಗೂ ಎರಡು ಒಳಸಾಲುಗಳಿವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಕಟಾಫ್ ಪಟ್ಟಿಯಲ್ಲಿ ವರ್ಗದ ಮುಂದೆ ಆರ್, ಕೆ ಎಂಬ ಅಕ್ಷರಗಳಿರುವುದು ಇದಕ್ಕೇ. ಈ ಸಾಲುಗಳ ಕೊನೆಯ ರ‍್ಯಾಂಕ್ ಸಾಮಾನ್ಯವಾಗಿ ಮೂಲ ಸಾಲಿನದಕ್ಕಿಂತ ಹಿಂದಿರುತ್ತದೆ. ಕೆಲವೇ ಅಂಕಗಳಲ್ಲಿ ಕೈತಪ್ಪುವ ಸೀಟು ಕೈಗೆ ಬರುವುದು ಇಲ್ಲಿಯೇ.

ಹತ್ತೂ ವರ್ಷ ಎಂದರೆ ಹತ್ತೂ ವರ್ಷ. ಹಾನಗಲ್, ಸವಣೂರು, ಶಿಗ್ಗಾಂವಿ ಪುರಸಭೆಗಳು. ಬಂಕಾಪುರವೂ ಹಾಗೆಯೇ. ಹಿರೇಕೆರೂರು ಪಟ್ಟಣ ಪಂಚಾಯಿತಿ. ಇವುಗಳ ಹದ್ದಿಯೊಳಗಿನ ಶಾಲೆ ಗ್ರಾಮೀಣವಲ್ಲ. ತಿಳವಳ್ಳಿಯಂಥ ಹಳ್ಳಿಯಲ್ಲಿ ಏಳನೆಯವರೆಗೆ ಓದಿದ ಮಗುವನ್ನು "ಪ್ಯಾಟಿ ಸಾಲಿ ಚಲೋ" ಎಂದು ಎಂಟನೆಯ ತರಗತಿಗೆ ಹಾನಗಲ್ಲಿಗೆ ಸೇರಿಸಿದರೆ, ದಿನಾ ಬಸ್ಸಿನಲ್ಲಿ ಹಳ್ಳಿಯಿಂದಲೇ ಹೋಗಿಬಂದರೂ, ಗ್ರಾಮೀಣ ಕೋಟಾ ಅಲ್ಲಿಗೆ ಮುಗಿಯಿತು. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಶಾಲೆ ಎಲ್ಲಿದೆ ಎಂಬುದಷ್ಟೇ. ತಿರುವುಮುರುವಾಗಿಯೂ ನೋಡಬಹುದು: ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಕಟ್ಟಡ ಊರ ಹದ್ದಿಯಾಚೆ ಹಳ್ಳಿಯಲ್ಲಿದ್ದರೆ ಗ್ರಾಮೀಣ ಹಕ್ಕು ಉಳಿಯುತ್ತದೆ, ಆದರೆ ಅಲ್ಲಿ ಆರನೆಯಿಂದ ಇಂಗ್ಲಿಷ್ ಮಾಧ್ಯಮವಾದ್ದರಿಂದ ಕನ್ನಡ ಮಾಧ್ಯಮದ್ದು ಹೋಗುತ್ತದೆ. ಕನ್ನಡ ಮಾಧ್ಯಮದ ಕೋಟಾಕ್ಕಾಗಿ ನೀಟನ್ನೂ ಕನ್ನಡದಲ್ಲೇ ಬರೆಯಬೇಕೆಂದು ತಿಳಿದವರಿದ್ದಾರೆ. ಹಾಗೇನಿಲ್ಲ, ಯಾವ ಭಾಷೆಯಲ್ಲಿ ಬರೆದರೂ ಆ ಹಕ್ಕು ಇದ್ದೇ ಇದೆ.

ಹಾಗಂತ ಸೀಟಿನ ಆಸೆಗೆ ಮಗುವನ್ನು ಮೇಷ್ಟ್ರಿಲ್ಲದ ಶಾಲೆಯಲ್ಲಿ ಕೂಡಿಸಿ ಎಂದು ನಾನು ಹೇಳಲಾರೆ. ಗಣಿತ ಕಲಿಸುವವರೇ ಇಲ್ಲದ ಕಡೆ ಹತ್ತು ವರ್ಷ ಕೂತು ಗಳಿಸಿದ ಕೋಟಾ ಯಾರಿಗೂ ಉಪಯೋಗವಿಲ್ಲ. ಆದರೆ ಶಾಲೆ ಬದಲಿಸುವಾಗ ಕೈಬಿಡುತ್ತಿರುವುದು ಏನು ಎಂಬುದು ಗೊತ್ತಿದ್ದು ಬದಲಿಸಬೇಕು. ಈ ಮಾತನ್ನು ನಾಲ್ಕನೆಯ, ಏಳನೆಯ ತರಗತಿಯ ಪಾಲಕರ ಸಭೆಯಲ್ಲಿ ಹೇಳುವವರಿಲ್ಲ. ಪಿಯುಸಿಗೆ ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ.

ಫೀಸಿನ ವಿಷಯ ಚುಟುಕಾಗಿ. ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 60 ಸಾವಿರ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾದಲ್ಲಿ ಹನ್ನೆರಡು ಲಕ್ಷದ ಹತ್ತಿರ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ನಿಗಮಗಳ 'ಅರಿವು' ಸಾಲದ ಬಡ್ಡಿ ಶೇ. 2. ಅದು ಮೊದಲ ಎರಡು ಬಗೆಯ ಸೀಟಿಗೆ ಆಸರೆಯಾದೀತು, ಮೂರನೆಯದಕ್ಕೆ ಸಾಲದು.

ಆ ಮೂರನೆಯ ಫೀಸಿಗೆ ಹೆದರಿದವರೇ ವಿದೇಶಕ್ಕೆ ಹೋಗುವುದು. ನಮ್ಮದೇ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ನವೀನ ಪಿಯುಸಿಯಲ್ಲಿ ಶೇ. 97 ಗಳಿಸಿದ್ದರೂ ಇಲ್ಲಿ ಸೀಟು ಸಿಗದೆ ಉಕ್ರೇನಿಗೆ ಹೋಗಿದ್ದ ಹುಡುಗ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ರಷ್ಯಾದ ದಾಳಿಗೆ ಬಲಿಯಾದ. ಸುಮಾರು ಮೂರು ವಾರದ ನಂತರ ಬಂದ ಅವನ ದೇಹವನ್ನು ತಂದೆತಾಯಿ ದಾವಣಗೆರೆಯ ಮೆಡಿಕಲ್ ಕಾಲೇಜಿಗೆ, ಬೇರೆ ಮಕ್ಕಳು ಓದಲೆಂದು, ದಾನ ಮಾಡಿದರು. ಯುದ್ಧದ ಮಾತು ಬಿಡಿ, ಶಾಂತಿಯ ಕಾಲದಲ್ಲೂ ವಿದೇಶದ ದಾರಿ ಸುಲಭವಲ್ಲ. ಹೋಗಲೂ ನೀಟ್ ಅರ್ಹತೆ ಬೇಕು. 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳದ್ದಾಗಿ ಇಂಗ್ಲಿಷಿನಲ್ಲಿರಬೇಕು, ಒಂದು ವರ್ಷದ ಇಂಟರ್ನ್‌ಶಿಪ್ ಅಲ್ಲಿಯೇ ಆಗಬೇಕು, ಮರಳಿದ ಮೇಲೆ ಇಲ್ಲಿನ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆಯಲ್ಲಿ ಹೆಚ್ಚಿನ ಸಲ ಪಾಸಾಗುವವರು ಮೂರರಲ್ಲಿ ಒಬ್ಬರಿಗಿಂತ ಕಡಿಮೆ. ಏಜೆಂಟರ ಬಣ್ಣದ ಪುಸ್ತಿಕೆಯಲ್ಲಿ ಈ ಸಾಲು ಸಿಗುವುದಿಲ್ಲ.

ಒಂದು ವರ್ಷ ನಿಂತು ಮತ್ತೆ ಬರೆಯುವುದು ತಪ್ಪಲ್ಲ. ಮೊದಲ ಸಲದ ರ‍್ಯಾಂಕ್ ನಿಮ್ಮ ಸಾಲಿನ ಕಟಾಫಿಗೆ ಸಮೀಪವಿದ್ದರೆ ನಿಲ್ಲಲಿ. ದೂರವಿದ್ದರೆ ಹೊಲ ಅಡವಿಟ್ಟು ಎರಡನೆಯ, ಮೂರನೆಯ ವರ್ಷ ಕೋಚಿಂಗಿಗೆ ಕಳಿಸುವುದು ಮಗುವಿಗೂ ಹಿಂಸೆ. ಬಿಎಎಂಎಸ್, ಬಿಡಿಎಸ್‌ಗೂ ಇದೇ ನೀಟ್ ರ‍್ಯಾಂಕ್ ನಡೆಯುತ್ತದೆ. ಪಶುವೈದ್ಯಕೀಯಕ್ಕೆ ಸಿಇಟಿ ಸಾಕು, ಅಲ್ಲಿ ಕೃಷಿಕರ ಮಕ್ಕಳಿಗೇ ಬೇರೆ ಕೋಟಾ ಇದೆ, ಗದಗ ಮತ್ತು ಶಿವಮೊಗ್ಗದಲ್ಲಿ ಕಾಲೇಜುಗಳಿವೆ. ದನಕರು ನೋಡಿ ಬೆಳೆದ ಹಾನಗಲ್ಲ ಕಡೆಯ ಮಕ್ಕಳು ಇದರತ್ತ ತಿರುಗಿ ನೋಡದಿರುವುದು ನನಗೆ ಸೋಜಿಗ.

ಕೊನೆಗೆ ಪಾಲಕರಿಗೆ ಎರಡು ಮಾತು. ನೀಟ್ ಬರೆದರೆ ಸಾಲದು, ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಬೇಕು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಹಕ್ಕನ್ನು ಆ ಅರ್ಜಿಯಲ್ಲೇ ಕೇಳಬೇಕು. ಆಪ್ಷನ್ ಎಂಟ್ರಿಯಲ್ಲಿ ಹುಬ್ಬಳ್ಳಿ, ಹಾವೇರಿ, ಗದಗ ಎಂದು ಮೂರೇ ಬರೆದು ನಿಲ್ಲಬೇಡಿ. ಕಾರವಾರ, ಕೊಡಗು, ಚಾಮರಾಜನಗರದ ಸರ್ಕಾರಿ ಕಾಲೇಜುಗಳನ್ನೂ ಬರೆಯಿರಿ. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ ಬಿಇಒ ಮೇಲುರುಜು ಮಾಡಿಸಬೇಕು. ನಾಡಕಚೇರಿಯಿಂದ ಜಾತಿ, ಆದಾಯ ಪತ್ರ ತಂದು ಅದರ ಆರ್‌ಡಿ ಸಂಖ್ಯೆ ಬರೆದಿಡಬೇಕು. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೇಳುವುದಾದರೆ ಕೆನೆಪದರಕ್ಕೆ ಸೇರಿಲ್ಲವೆಂಬ ತಹಶೀಲ್ದಾರರ ಪತ್ರವೂ ಬೇಕು. ಫಲಿತಾಂಶ ಬಂದ ಮೇಲೆ ಈ ಕಚೇರಿಗಳ ಮುಂದೆ ಪಾಳಿ ಉದ್ದವಿರುತ್ತದೆ. ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಈ ಕೆಲಸ ಮುಗಿಸಿಕೊಳ್ಳಿ.